ಕೈ ತೆಗೆಯದವಳು

ಆಸ್ಪತ್ರೆಯ ತರಬೇತಿಗೆ ಸೇರಿದ ಮೊದಲ ವಾರದಲ್ಲೇ ಅವಳ ಒಂದು ಹಲ್ಲು ಹೋಯಿತು. ಫಿಟ್ಸ್ ಬಂದು ಬಿದ್ದಿದ್ದ ಬಡಗಿಯೊಬ್ಬನನ್ನು ತುರ್ತು ವಿಭಾಗಕ್ಕೆ ಹೊತ್ತು ತಂದಿದ್ದರು. ಕಾಲು ಹಿಡಿದುಕೋ ಎಂದರು, ಇವಳು ಪಾದದ ಹತ್ತಿರ ಬಗ್ಗಿ ಹಿಡಿದಳು. ಎಚ್ಚರಾದವನು ಎಲ್ಲಿದ್ದೇನೆಂದು ತಿಳಿಯದೆ ಬೆದರಿ, ಕತ್ತೆಯ ಹಾಗೆ ಝಾಡಿಸಿ ಒದ್ದ. ಮುಂದಿನ ಹಲ್ಲು ಕಿತ್ತು ಬಂದು ನೇರ ಹೊಟ್ಟೆಗೇ ಹೋಯಿತು. ಗಾಯಗಳಿಗೆ ಪಟ್ಟಿ ಕಟ್ಟುವ ಹಿರಿಯ ಡ್ರೆಸ್ಸರ್ ಅವಳ ಬಾಯಿಗೆ ಹತ್ತಿ ತುರುಕುತ್ತಾ, "ಬಾ ಬೊಚ್ಚಿ, ಇವತ್ತಿಂದ ನೀನು ನಮ್ಮವಳು" ಎಂದರು. ಅವತ್ತಿನಿಂದ ಆಸ್ಪತ್ರೆಯಲ್ಲಿ ಅವಳ ಹೆಸರು ಬೊಚ್ಚಿ ಎಂದೇ ಆಯಿತು. ಆಮೇಲೆ ಕಟ್ಟಿಸಿಕೊಂಡ ಹಲ್ಲು ಎಷ್ಟು ಚೆನ್ನಾಗಿ ಕೂತರೂ ಹೆಸರು ಮಾತ್ರ ಬಿಡಲಿಲ್ಲ.

ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಅಮ್ಮ ಊದಿದ ತುಟಿ ನೋಡಿ ಮೆಷಿನ್ ನಿಲ್ಲಿಸಿದಳು. "ನಿನ್ನ ಓದೋಕೆ ಕಳಿಸಿದ್ನೋ, ಕುಸ್ತಿಗೆ ಕಳಿಸಿದ್ನೋ?"

ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಅರ್ಧ ಗಂಟೆಯಲ್ಲಿ ಅವನು ವಾರ್ಡಿನಲ್ಲಿದ್ದ, ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಆ ಬಡಗಿಯ ಕೊರಳಪಟ್ಟಿ ಹಿಡಿದಿದ್ದ. ಹಿರಿಯ ಡ್ರೆಸ್ಸರ್ ಹಿಂದಿನಿಂದ ತಬ್ಬಿ ಎತ್ತಿ ಅವನನ್ನು ಬಾಗಿಲಾಚೆ ತಂದು ನಿಲ್ಲಿಸಿ, "ತಂಗಿ ಮೇಲೆ ಅಷ್ಟು ಪ್ರೀತಿ ಇದ್ರೆ ಮನೆಗೆ ಹೋಗಿ ಗಂಜಿ ಕಾಯ್ಸು" ಎಂದು ಬೈದು ಕಳಿಸಿದರು.

ಅವಳ ಅಣ್ಣ ಅಂಥವನೇ. ಚಿಕ್ಕಂದಿನಲ್ಲಿ ಅಪ್ಪ ಕುಡಿದು ಬಂದು ಅಮ್ಮನನ್ನು ಬಡಿಯುತ್ತಿದ್ದ. ಹದಿನಾರು ತುಂಬಿದ ವರ್ಷ ಅಣ್ಣ ಒಂದು ಸಂಜೆ ಅಪ್ಪನ ಕೈಯಿಂದ ಬೆಲ್ಟ್ ಕಿತ್ತುಕೊಂಡು, ಅದೇ ಬೆಲ್ಟಿನಿಂದ ಅವನನ್ನು ಬೀದಿಯ ತಿರುವಿನವರೆಗೆ ಅಟ್ಟಿಕೊಂಡು ಹೋಗಿ ಬಂದ. ಅಪ್ಪ ತಿರುಗಿ ಬರಲಿಲ್ಲ. ಮನೆಗೆ ನೆಮ್ಮದಿ ಬಂತು, ಆದರೆ ಕೈ ಎತ್ತಿದರೆ ಕೆಲಸವಾಗುತ್ತದೆ ಎಂಬುದು ಅಣ್ಣನ ಮೈಗೆ ಹತ್ತಿಕೊಂಡಿತು. ಲಾರಿ ಸ್ಟ್ಯಾಂಡಿನಲ್ಲಿ ಮೂಟೆ ಹೊರುವ ಗುಂಪಿಗೆ ಸೇರಿದ ಮೇಲೆ ಅವನು ಯಾರ ಜೊತೆಗೂ ಹೊಡೆದಾಡದ ವಾರವಿರಲಿಲ್ಲ. ಗೆಣ್ಣು ಒಡೆದುಕೊಂಡು ಬರುತ್ತಿದ್ದ, ಅವಳು ಔಷಧಿ ಹಚ್ಚುತ್ತಿದ್ದಳು. ಅವಳ ಮೇಲೆ ಮಾತ್ರ ಒಂದು ದಿನವೂ ಗದರಿ ಕೈ ಎತ್ತಿದವನಲ್ಲ. ಪಟ್ಟಿ ಕಟ್ಟುವುದನ್ನು ಕಲಿಯುವಾಗ ಅವಳಿಗೆ ಸಿಕ್ಕ ಮೊದಲ ರೋಗಿಯೂ ಅವನೇ. ರಜೆಯ ಮಧ್ಯಾಹ್ನಗಳಲ್ಲಿ ತಲೆ, ಮೊಣಕೈ, ಹಿಮ್ಮಡಿಗೆಲ್ಲ ಬಟ್ಟೆ ಸುತ್ತಿಸಿಕೊಂಡು, "ಇನ್ನೂ ಎಲ್ಲಿ ಬಾಕಿ ಇದೆ ಹೇಳು ಪುಟ್ಟಿ, ಮೂಗಿಗೂ ಸುತ್ತಿಬಿಡು" ಎಂದು ಗೊಣಗುತ್ತಾ ಹಾಗೇ ನಿದ್ದೆ ಹೋಗುತ್ತಿದ್ದ.

ಬೊಚ್ಚಿಯ ಕೋರ್ಸು ಎರಡು ವರ್ಷದ್ದು. ತುರ್ತು ವಿಭಾಗ, ಮೂಳೆ ವಿಭಾಗ, ವಾರ್ಡು ಎಲ್ಲವನ್ನೂ ದಾಟಿ ಕೊನೆಗೆ ಆಪರೇಷನ್ ಥಿಯೇಟರ್. ಅವಳ ಕಣ್ಣೆಲ್ಲ ಆ ಕೊನೆಯದರ ಮೇಲೇ ಇತ್ತು. ಥಿಯೇಟರ್ ಟೆಕ್ನಿಷಿಯನ್ ಆಗಬೇಕು, ಸರ್ಜನ್ ಬಾಯಿ ತೆರೆಯುವ ಮುಂಚೆ ಬೇಕಾದ ಉಪಕರಣ ಅವರ ಅಂಗೈಯಲ್ಲಿಡಬೇಕು. ಮನೆಯಲ್ಲಿ ಚಮಚ, ಕತ್ತರಿ, ಇಕ್ಕಳ ಎಲ್ಲವನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಕಣ್ಣು ಮುಚ್ಚಿ ಎತ್ತಿ ಕೊಡುವ ಅಭ್ಯಾಸ ಮಾಡುತ್ತಿದ್ದಳು. ಸಾರಿಗೆ ಸೌಟು ಹುಡುಕಿದ ಅಮ್ಮನಿಗೆ ಅದು ಯಾವಾಗಲೂ ಆ ಸಾಲಿನಲ್ಲೇ ಸಿಗುತ್ತಿತ್ತು.

ಹಿರಿಯ ಡ್ರೆಸ್ಸರ್ ಅವಳ ಆಸೆ ಕೇಳಿ ಮೂಗು ಮುರಿಯುತ್ತಿದ್ದರು. "ಮೇಲೆ ಓಟಿಯಲ್ಲಿ ಎಲ್ಲಾ ತೊಳೆದು ಇಟ್ಟಿರ್ತಾರೆ. ರಕ್ತ ಕೂಡ ಹೇಳಿದ ಮಾತು ಕೇಳುತ್ತೆ. ಕೆಲಸ ಕಲೀಬೇಕಾದ್ರೆ ಇಲ್ಲಿ ಕಲಿ." ಬೈಯುತ್ತಲೇ ಎಲ್ಲವನ್ನೂ ಹೇಳಿಕೊಟ್ಟರು. ಕುಡಿದವನ ಗಾಯ ಹೊಲಿಯುವಾಗ ಅವನ ಯಾವ ಬದಿಗೆ ನಿಲ್ಲಬೇಕು, ಕೈ ಬೀಸಿದರೆ ಹೇಗೆ ತಲೆ ತಗ್ಗಿಸಬೇಕು, ರಕ್ತನಾಳ ಹರಿದರೆ ಎಲ್ಲಿ ಒತ್ತಬೇಕು. "ಕಣ್ಣಲ್ಲಿ ಹುಡುಕ್ತಾ ಕೂರಬೇಡ. ಬೆರಳಿಗೆ ಬಡಿತ ಸಿಗುತ್ತಲ್ಲ, ಅಲ್ಲಿ ಒತ್ತು. ಒತ್ತಿದ ಮೇಲೆ ದೇವರು ಬಂದು ಹೇಳಿದ್ರೂ ಕೈ ತೆಗೀಬೇಡ. ಸರ್ಜನ್ ಹೇಳಿದ ಮೇಲೆ ತೆಗಿ."

ಮುಂದಿನ ಸೋಮವಾರದಿಂದ ಅವಳಿಗೆ ಥಿಯೇಟರ್ ಪಾಳಿ ಶುರುವಾಗುವುದಿತ್ತು. ಅದಕ್ಕೆ ನಾಲ್ಕು ದಿನ ಮುಂಚೆ, ಹಗಲು ಹನ್ನೊಂದೂವರೆಗೆ, ಸರಕು ಸಾಗಿಸುವ ಗಾಡಿಯೊಂದು ಹಾರನ್ ಒತ್ತಿಹಿಡಿದುಕೊಂಡೇ ಹಿಮ್ಮುಖವಾಗಿ ತುರ್ತು ವಿಭಾಗದ ಬಾಗಿಲಿಗೆ ಬಂತು. ಇಬ್ಬರು ಗಂಡಸರು ಒಬ್ಬನನ್ನು ಎಳೆದು ಟ್ರಾಲಿಯ ಮೇಲೆ ಹಾಕಿ ತಿರುಗಿಯೂ ನೋಡದೆ ಓಡಿದರು. ಮಲಗಿದ್ದವನಿಗೆ ಮೂವತ್ತರ ಆಸುಪಾಸು. ಬಲಗಾಲಿನ ಪ್ಯಾಂಟು ನೆನೆದು ಕಪ್ಪಾಗಿತ್ತು. ಕತ್ತರಿಯಿಂದ ಬಟ್ಟೆ ಸೀಳಿದರೆ, ತೊಡೆಯ ಬುಡದಲ್ಲಿ ಚಾಕು ಇಳಿದ ಗಾಯದಿಂದ ರಕ್ತ ಚಿಮ್ಮಿ ಗೋಡೆಯ ಮೇಲಿದ್ದ ಗಡಿಯಾರಕ್ಕೆ ಹಾರಿತು.

ಪಟ್ಟಿ ಬಿಗಿಯಲು ಜಾಗವೇ ಇರಲಿಲ್ಲ, ಗಾಯ ಅಷ್ಟು ಮೇಲಿತ್ತು. ಡ್ರೆಸ್ಸರ್ ಮುಷ್ಟಿಯನ್ನು ತೊಡೆಸಂದಿಗೆ ಇಟ್ಟು ಮೈಭಾರ ಬಿಟ್ಟರು. ಚಿಮ್ಮುವುದು ನಿಂತಿತು.

"ಬೊಚ್ಚಿ, ಹತ್ತು ಮೇಲೆ. ನೀನು ಹಿಡಿ, ನಾನು ಡ್ರಿಪ್ ಹಾಕ್ತೀನಿ."

ಅವಳು ಟ್ರಾಲಿಯ ಮೇಲೆ ಮಂಡಿಯೂರಿ, ಅವರ ಮುಷ್ಟಿ ಜಾರುವ ಕ್ಷಣಕ್ಕೆ ಸರಿಯಾಗಿ ತನ್ನ ಮುಷ್ಟಿ ಒತ್ತಿದಳು. ಪಾಳಿಯಲ್ಲಿದ್ದ ಡಾಕ್ಟರಮ್ಮ ಫೋನಿನಲ್ಲಿ ಕೂಗಾಡುತ್ತಿದ್ದಳು. ಮೇಲೆ ಥಿಯೇಟರಿನಲ್ಲಿ ಇನ್ನೊಬ್ಬರ ಹೊಟ್ಟೆ ತೆರೆದಿತ್ತು, ಕಾಲು ಗಂಟೆಯಾದರೂ ಬೇಕೆಂದರು. "ನಾನೇ ಹೋಗಿ ಸರ್ಜನ್‌ನ ಎಳ್ಕೊಂಡು ಬರ್ತೀನಿ, ರಕ್ತನೂ ತರ್ತೀನಿ" ಎಂದು ಡಾಕ್ಟರಮ್ಮ ಮೆಟ್ಟಿಲ ಕಡೆ ಓಡಿದಳು.

ಟ್ರಾಲಿಯ ಮೇಲಿದ್ದವನು ಕಣ್ಣು ಬಿಟ್ಟ. "ಸಿಸ್ಟರ್, ಕಾಲು ಇದೆಯಾ?"

"ಇದೆ. ನಾನು ಸಿಸ್ಟರ್ ಅಲ್ಲ, ಸ್ಟೂಡೆಂಟು."

"ಅಯ್ಯೋ, ಪೂರ್ತಿ ಕಲಿತವರು ಯಾರೂ ಇಲ್ವಾ?"

ಅವಳಿಗೆ ನಗು ಬಂದುಬಿಟ್ಟಿತು. "ಇದೊಂದನ್ನ ಪೂರ್ತಿ ಕಲ್ತಿದ್ದೀನಿ. ಸುಮ್ನೆ ಮಲ್ಕೊಳ್ಳಿ. ಎಲ್ಲಿ ಆಯ್ತು ಇದು?"

"ಲಾರಿ ಸ್ಟ್ಯಾಂಡಲ್ಲಿ. ನಾನು ಕ್ರೇನ್ ಓಡಿಸೋನು. ಹೊಸದಾಗಿ ಕ್ರೇನ್ ತಂದ್ರು. ಮೂಟೆ ಹೊರೋರು, ನಮ್ಮ ಹೊಟ್ಟೆ ಮೇಲೆ ಹೊಡೀತೀಯಾ ಅಂತ..." ಉಸಿರು ಸಾಲದೆ ನಿಲ್ಲಿಸಿದ.

ಬೊಚ್ಚಿಯ ನಗು ಅಲ್ಲೇ ಆರಿತು. ಹದಿನೈದು ದಿನಗಳಿಂದ ಮನೆಯಲ್ಲಿ ಅಣ್ಣನ ಬಾಯಲ್ಲಿ ಆ ಕ್ರೇನಿನ ಮಾತೇ. ಚಾಕು ಹಾಕಿದವರು ಯಾರು ಎಂದು ಕೇಳಲು ಅವಳ ನಾಲಿಗೆ ಏಳಲಿಲ್ಲ.

ಅಷ್ಟರಲ್ಲಿ ಹೊರಗೆ ಗಾಜು ಪುಡಿಯಾದ ಸದ್ದು ಕೇಳಿತು. ಕಾಯುತ್ತಾ ಕೂತಿದ್ದ ಹೆಂಗಸರು ಕಿರುಚಿದರು. ಕಾವಲುಗಾರ ಯಾರನ್ನೋ ತಡೆದ, ಮರುಗಳಿಗೆಗೆ "ಅಮ್ಮಾ" ಎಂದು ಕುಸಿದ. "ಎಲ್ಲಿ ಹಾಕಿದೀರ್ರೋ ಅವನನ್ನ?" ಎಂಬ ಕೂಗು ಒಂದೊಂದೇ ಕೋಣೆ ದಾಟಿ ಹತ್ತಿರ ಬಂತು. ಡ್ರೆಸ್ಸರ್ ಬಾಗಿಲು ಹಾಕಿ ಚಿಲಕ ಜಡಿದರು. ಡ್ರಿಪ್ ಸ್ಟ್ಯಾಂಡಿನ ಬುಡ ಮೇಲು ಮಾಡಿ ಗದೆಯಂತೆ ಹಿಡಿದು ನಿಂತರು. ಅವರಿಗೆ ಆಗಲೇ ಐವತ್ತೇಳು ವರ್ಷ.

ಮೂರನೇ ಒದೆತಕ್ಕೆ ಚಿಲಕ ಕಿತ್ತು ಬಂತು. ಒಳಗೆ ಬಂದವರು ನಾಲ್ವರು, ಕೈಯಲ್ಲಿ ಲಾರಿಗಳ ಹಗ್ಗ ಬಿಗಿಯುವ ಕಬ್ಬಿಣದ ಸರಳುಗಳು. ಮೊದಲನೆಯವನ ಮುಖಕ್ಕೆ ಡ್ರೆಸ್ಸರ್ ಸ್ಟ್ಯಾಂಡು ಬೀಸಿದರು. ಅವನ ಹುಬ್ಬು ಸೀಳಿತು. ಎರಡನೆಯವನು ಸರಳನ್ನು ಮೇಲಿಂದ ಇಳಿಸಿದ. ಡ್ರೆಸ್ಸರರ ಭುಜದ ಮೂಳೆ ಮುರಿದ ಲಟಕ್ಕೆಂಬ ಸದ್ದು ಟ್ರಾಲಿಯವರೆಗೂ ಕೇಳಿತು. ಅವರು ಬಿದ್ದರು. ಬಿದ್ದ ಮೇಲೂ ಅದೇ ಭುಜಕ್ಕೆ ಇನ್ನೊಂದು ಬಿತ್ತು. ಗಾಜಿನ ಬೀರು ಉರುಳಿ, ಔಷಧಿ ಸೀಸೆಗಳೆಲ್ಲ ಚೂರಾಗಿ ನೆಲವಿಡೀ ಹರಡಿದವು.

ಕೊನೆಯಲ್ಲಿ ಒಳಗೆ ಬಂದವನು ಅಣ್ಣ. ಅವನ ಬಲಗೈ ಮೊಣಕೈವರೆಗೆ ಕೆಂಪಾಗಿತ್ತು, ಒಣಗುತ್ತಾ ಬಂದಿತ್ತು. ಅದು ಅವನ ರಕ್ತವಲ್ಲ ಎಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು. ಎರಡು ವರ್ಷದಲ್ಲಿ ಅಷ್ಟನ್ನು ಕಲಿತಿದ್ದಳು.

ಅಣ್ಣ ಅವಳನ್ನು ನೋಡಿ ನಿಂತುಬಿಟ್ಟ. "ನೀನ್ಯಾಕೆ ಇಲ್ಲಿದ್ದೀಯ ಪುಟ್ಟಿ? ನಿನಗೆ ಮೇಲಿನ ಕೆಲಸ ಅಂದಿದ್ಯಲ್ಲ?"

"ಸೋಮವಾರದಿಂದ."

"ಇಳಿ ಕೆಳಗೆ. ಇದು ನಿನಗೆ ಸಂಬಂಧಪಟ್ಟಿದ್ದಲ್ಲ."

"ನಾನು ಇಳಿದ್ರೆ ಇವನು ಸಾಯ್ತಾನೆ, ಅಣ್ಣ."

"ಸಾಯ್ಲಿ ಅಂತಲೇ ಬಂದಿದೀವಿ. ಬದುಕಿ ಬಾಯಿ ಬಿಟ್ರೆ ನಾವು ನಾಲ್ಕೂ ಜನ ಒಳಗೆ ಹೋಗ್ತೀವಿ. ಕೈ ತೆಗಿ."

"ತೆಗೆಯಲ್ಲ."

ಹುಬ್ಬು ಸೀಳಿಸಿಕೊಂಡವನು ಗೋಡೆಗೊರಗಿ ಕಣ್ಣಿನ ರಕ್ತ ಒರೆಸಿಕೊಳ್ಳುತ್ತಾ ಅರಚಿದ. "ತಂಗಿ ಅಂತ ಮೀನಮೇಷ ಎಣಿಸ್ತಾ ನಿಂತ್ಕೋ. ಪೊಲೀಸ್ನೋರು ಬರೋಹೊತ್ತಾಯ್ತು. ನಿನ್ನ ಕೈಲಿ ಆಗಲ್ಲ ಅಂದ್ರೆ ಸರಿ, ಇಬ್ರನ್ನೂ ನಾನೇ ಮುಗಿಸ್ತೀನಿ."

ಅಣ್ಣ ಅವನನ್ನು ತಳ್ಳಿದ. "ಅವಳನ್ನ ಮುಟ್ಟಿದ್ರೆ ಹುಷಾರ್." ಆಮೇಲೆ ತಾನೇ ಮುಂದೆ ಬಂದು ಅವಳ ತೋಳು ಹಿಡಿದು ಎಳೆದ. ಅವಳು ಪಾದಗಳನ್ನು ಟ್ರಾಲಿಯ ಕಂಬಿಗೆ ಸಿಕ್ಕಿಸಿ ಕಚ್ಚಿಕೊಂಡಳು. ಮೂಟೆ ಹೊರುವವನ ಎಳೆತಕ್ಕೆ ಟ್ರಾಲಿಯೇ ಜಾರಿ ಬಂತು, ಅವಳು ಬರಲಿಲ್ಲ. ಕ್ರೇನಿನವನು ಅವಳ ಅಂಗಿಯ ತುದಿ ಹಿಡಿದುಕೊಂಡು, "ಬಿಡಬೇಡಿ, ಬಿಡಬೇಡಿ" ಎಂದು ಬಾಯಲ್ಲೇ ಮಣಮಣಿಸುತ್ತಿದ್ದ.

"ಪುಟ್ಟಿ, ಕೊನೇ ಸಲ ಹೇಳ್ತಿದೀನಿ."

"ಆಗಲ್ಲ ಅಣ್ಣ."

ಅಣ್ಣನ ಸರಳು ಅವಳ ಬಲ ಮುಂಗೈ ಮೇಲೆ ಬಿತ್ತು. ಮೊದಲು ನೋವೇ ಆಗಲಿಲ್ಲ, ಕೈ ತನ್ನದಲ್ಲ ಎನ್ನುವಂತೆ ಸಡಿಲವಾಯಿತು ಅಷ್ಟೇ. ಬೆರಳುಗಳ ಸಂದಿಯಿಂದ ಬಿಸಿ ರಕ್ತ ಮತ್ತೆ ಚಿಮ್ಮಿ ಅವಳ ಗಲ್ಲಕ್ಕೆ ಬಡಿಯಿತು. ಯೋಚನೆಗೆ ವೇಳೆ ಇರಲಿಲ್ಲ. ಅವಳು ಬಲ ಮಂಡಿ ಎತ್ತಿ, ಕೈ ಇದ್ದ ಜಾಗಕ್ಕೇ ಊರಿ ಇಡೀ ಮೈಭಾರ ಅದರ ಮೇಲೆ ಹೇರಿದಳು. ಕ್ರೇನಿನವನು ಪ್ರಾಣ ಹೋದಂತೆ ಕಿರುಚಿದ. ರಕ್ತ ನಿಂತಿತು.

ಆಗ ನೋವು ಬಂತು. ಕಣ್ಣು ಕತ್ತಲಿಟ್ಟಿತು. ಆ ಕತ್ತಲಿನಲ್ಲೇ ಅಣ್ಣ ಮತ್ತೆ ಸರಳು ಎತ್ತುವುದು ಕಂಡಿತು. ಈ ಸಲ ಅವನು ಅವಳ ಕಡೆ ನೋಡುತ್ತಿರಲಿಲ್ಲ, ಕ್ರೇನಿನವನ ತಲೆಯನ್ನು ನೋಡುತ್ತಿದ್ದ.

ಎಡಗೈಗೆ ಎಟುಕುವಷ್ಟು ದೂರದ ತಟ್ಟೆಯಲ್ಲಿ ಪ್ಲಾಸ್ಟರ್ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ಅವಳು ಅದನ್ನು ಹಿಡಿದು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬೀಸಿದಳು. ಅದು ಅಣ್ಣನ ಮುಖಕ್ಕೆ ಬಿತ್ತು. ಅವನ ಬಾಯಿಂದ ಬಂದ ಕೂಗು ಮನುಷ್ಯನದಾಗಿರಲಿಲ್ಲ. ಸರಳು ನೆಲಕ್ಕೆ ಬಿತ್ತು, ಎರಡೂ ಅಂಗೈಯಲ್ಲಿ ಎಡಗಣ್ಣು ಮುಚ್ಚಿಕೊಂಡು ಮಂಡಿ ಕುಸಿದ. ನೆಲದಲ್ಲಿ ಬಿದ್ದಿದ್ದ ಡ್ರೆಸ್ಸರ್ ಇದ್ದೊಂದು ಕೈಯಿಂದ ಅವನ ಕಾಲರ್ ಹಿಡಿದು ಗಾಜಿನ ಚೂರುಗಳ ಮೇಲೆ ಮಗುಚಿ ಹಾಕಿ ಅವನ ಬೆನ್ನ ಮೇಲೆ ಒರಗಿಬಿಟ್ಟರು.

ಉಳಿದ ಮೂವರು ಮುಖ ಮುಖ ನೋಡಿಕೊಂಡರು. ಅಷ್ಟು ಹೊತ್ತಿಗೆ ಹೊರಗಿನ ಜನಕ್ಕೂ ರೋಷ ಬಂದಿತ್ತು. ರೋಗಿಗಳ ಕಡೆಯವರು, ಅಡುಗೆಯವರು, ಲಿಫ್ಟಿನವನು, ಸ್ಟೂಲು, ಬಕೆಟ್ಟು, ಕೈಗೆ ಸಿಕ್ಕಿದ್ದನ್ನು ಹಿಡಿದು ನುಗ್ಗಿದರು. ಹುಬ್ಬು ಸೀಳಿದ್ದವನು ಕಿಟಕಿ ಹಾರಿ ಓಡಿದ. ಇನ್ನಿಬ್ಬರು ಸಿಕ್ಕಿಬಿದ್ದರು. ಜನ ಅವರನ್ನು ಹಿಟ್ಟು ನಾದಿದಂತೆ ನಾದಿದರು. ನಿಲ್ಲಿಸಿ ಎಂದು ಬೊಚ್ಚಿ ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ.

ಡಾಕ್ಟರಮ್ಮ ಬಂದವಳು ಒಮ್ಮೆ ಸುತ್ತ ನೋಡಿದಳು, ಒಮ್ಮೆ ಬೊಚ್ಚಿಯ ಮಂಡಿ ನೋಡಿದಳು. "ಅಲ್ಲೇ ಇರು. ಅಲ್ಲಾಡಬೇಡ. ಹಾಗೇ ಹೊರಡ್ಲಿ ಟ್ರಾಲಿ!"

ಹೀಗೆ, ಸೋಮವಾರಕ್ಕೆ ನಾಲ್ಕು ದಿನ ಮುಂಚೆಯೇ, ಬೊಚ್ಚಿ ಥಿಯೇಟರಿಗೆ ಹೋದಳು. ಕೈ ತೊಳೆದಿರಲಿಲ್ಲ, ಗೌನು ಇರಲಿಲ್ಲ. ಮುರಿದ ಕೈಯನ್ನು ಎದೆಗೆ ಅವುಚಿಕೊಂಡು, ಒಬ್ಬ ಗಂಡಸಿನ ತೊಡೆಸಂದಿನ ಮೇಲೆ ಮಂಡಿಯೂರಿಕೊಂಡೇ ಲಿಫ್ಟಿನಲ್ಲಿ ಮೇಲೆ ಹೋದಳು. ದೊಡ್ಡ ದೀಪದ ಕೆಳಗೆ ಸರ್ಜನ್ ಗಾಯ ಅಗಲಿಸಿ, ನಾಳಕ್ಕೆ ಇಕ್ಕಳ ಹಾಕಿ, "ಈಗ ತೆಗಿಯಮ್ಮ" ಎಂದರು. ಅವಳು ಇಳಿದಳು. ಅಲ್ಲೇ ಕೂರಿಸಲು ಯಾರೋ ಸ್ಟೂಲು ಎಳೆದರು.

"ಕೆಳಗೆ ನಮ್ಮಣ್ಣ ಇದ್ದಾನೆ" ಎಂದು ಹೇಳಿ ಅವಳು ಹೊರಟಳು.

ಡ್ರೆಸ್ಸರರನ್ನು ಆಗಲೇ ಎಕ್ಸ್‌ರೇಗೆ ಒಯ್ದಿದ್ದರು. ಅದೇ ಕೋಣೆಯ ಮೂಲೆಯಲ್ಲಿ ಅಣ್ಣ ಒಬ್ಬನೇ ಕೂತಿದ್ದ. ಸುತ್ತ ಜನ ನಿಂತಿದ್ದರು, ಹತ್ತಿರ ಹೋಗುವವರಿರಲಿಲ್ಲ. ಬೆರಳ ಸಂದಿಯಿಂದ ರಕ್ತದ ಜೊತೆ ನೀರಿನಂಥದೇನೋ ಇಳಿಯುತ್ತಿತ್ತು. ಅದೇನೆಂದು ಬೊಚ್ಚಿಗೆ ಗೊತ್ತಿತ್ತು, ಆ ಕಣ್ಣು ಉಳಿಯುವುದಿಲ್ಲ ಎಂದೂ ಗೊತ್ತಿತ್ತು.

"ಯಾರು?" ಎಂದ.

"ನಾನೇ. ಕೈಯಲ್ಲಿ ಒತ್ತಬೇಡ ಅಣ್ಣ. ಬಿಡು, ನಾನು ನೋಡ್ತೀನಿ."

"ಏನೂ ಕಾಣ್ತಿಲ್ಲ ಪುಟ್ಟಿ. ಎರಡೂ ಹೋಯ್ತಾ?"

"ಇಲ್ಲ. ಒಂದು."

ಅವಳು ಒಂದೇ ಕೈಯಿಂದ ಸ್ಟೀಲಿನ ಚಿಕ್ಕ ಬಟ್ಟಲನ್ನು ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ, ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಅವನ ತಲೆಗೆ ಸುತ್ತು ಹಾಕಿದಳು. ಮೂರನೇ ಸುತ್ತಿಗೆ ಪೊಲೀಸರು ಒಳಗೆ ಬಂದರು. "ಮುಗೀಲಿ" ಎಂದಳು. ಅವರು ಬಾಗಿಲಲ್ಲಿ ನಿಂತು ಕಾದರು. ಗಂಟು ಹಾಕಿದ ಮೇಲೆ ಅವಳಿಗೆ ಜ್ಞಾನ ತಪ್ಪಿತು.

ಅಮ್ಮ ಸಂಜೆ ಆಸ್ಪತ್ರೆಗೆ ಬಂದಳು. ಮಗಳು ಹೆಂಗಸರ ವಾರ್ಡಿನಲ್ಲಿ, ಮಗ ಕಣ್ಣಿನ ವಾರ್ಡಿನಲ್ಲಿ, ಬಾಗಿಲಿಗೆ ಪೊಲೀಸರು. ಎರಡರ ನಡುವಿನ ಉದ್ದನೆಯ ಓಣಿಯಲ್ಲಿ ಅವಳು ಅತ್ತಿಂದಿತ್ತ ಎಷ್ಟು ಸಲ ನಡೆದಳೋ. ಕೊನೆಗೆ ಮಗಳ ಹಾಸಿಗೆಯ ಅಂಚಿಗೆ ಕೂತು, "ನಿನಗೆ ಹೊಡೆದೋನು ಯಾರು ಅಂತ ಗೊತ್ತಾಗಲಿಲ್ಲ ಅಂದುಬಿಡು. ಗಲಾಟೆಯಲ್ಲಿ ಕಾಣಲಿಲ್ಲ ಅನ್ನು" ಎಂದಳು.

"ಕಂಡಿತಲ್ಲಮ್ಮ."

"ನಿಮ್ಮಪ್ಪನ ಕೈಯಿಂದ ನನ್ನ ಬಿಡಿಸಿದ್ದು ಅವನು ಕಣೇ."

"ಗೊತ್ತು."

ಅಮ್ಮ ಎದ್ದು ಹೋದಳು. ಮುಂದಿನ ಐದು ತಿಂಗಳು ಮನೆಯಲ್ಲಿ ತಟ್ಟೆಗೆ ಅನ್ನ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ.

ನ್ಯಾಯಾಲಯದಲ್ಲಿ ಅಣ್ಣನ ಕಡೆಯ ವಕೀಲ ಅವಳನ್ನು ಸಾಕಷ್ಟು ಗೋಳುಹೊಯ್ದುಕೊಂಡ. ಒಡಹುಟ್ಟಿದವನ ಕಣ್ಣಿಗೇ ಗುರಿಯಿಟ್ಟೆಯಾ ಎಂದು ಕೇಳಿದ. "ಗುರಿ ಇಡಲಿಲ್ಲ. ಆದ್ರೆ ಹೊಡೀಬೇಕು ಅಂತಲೇ ಹೊಡೆದೆ" ಎಂದಳು ಬೊಚ್ಚಿ. ಕೈ ಮುರಿದವನು ಯಾರು ಎಂದು ಕೇಳಿದಾಗ ಬೆರಳು ತೋರಿಸಿದಳು. ಕಟಕಟೆಯಲ್ಲಿದ್ದ ಅಣ್ಣ ತಲೆ ಎತ್ತಲಿಲ್ಲ. ಕ್ರೇನಿನವನು ಊರುಗೋಲು ಹಿಡಿದು ಬಂದು ಸಾಕ್ಷಿ ಹೇಳಿದ. ಅಣ್ಣನಿಗೆ ಒಂಬತ್ತು ವರ್ಷ ಜೈಲಾಯಿತು, ಕಿಟಕಿ ಹಾರಿ ಆಮೇಲೆ ಸಿಕ್ಕಿಬಿದ್ದವನೂ ಸೇರಿ ಉಳಿದ ಮೂವರಿಗೆ ಆರಾರು.

ಅವಳ ಕೈ ಕೂಡಿಕೊಂಡಿತು, ಆದರೆ ಉಂಗುರದ ಬೆರಳು ಮತ್ತು ಕಿರುಬೆರಳು ಪೂರ್ತಿ ಮಡಚಲಿಲ್ಲ. ಒಂದು ವರ್ಷ ತಡವಾಗಿ ಥಿಯೇಟರ್ ಪರೀಕ್ಷೆಗೆ ಕೂತಳು. ಸೂಜಿ ಹಿಡಿಯುವ ಇಕ್ಕಳ ಎರಡು ಸಲ ಕೈಯಿಂದ ಜಾರಿ ಟಣ್ಣೆಂದು ಬಿತ್ತು. ಪರೀಕ್ಷಕರು ಒಳ್ಳೆಯವರು, ಇನ್ನೊಂದು ಅವಕಾಶ ಕೊಟ್ಟರು. ಮತ್ತೆ ಬಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಕೈ ಮುರಿದ ದಿನವೂ ಅಷ್ಟು ಅತ್ತಿರಲಿಲ್ಲ.

ಹಿರಿಯ ಡ್ರೆಸ್ಸರ್ ಎತ್ತಲಾಗದ ಭುಜ ಹೊತ್ತುಕೊಂಡು ಬಂದು ಪಕ್ಕದಲ್ಲಿ ಕೂತರು. ಅವರಿಗೆ ನಿವೃತ್ತಿಗೆ ಎರಡು ತಿಂಗಳಿತ್ತು. "ಅತ್ತು ಮುಗಿಸು. ಆಮೇಲೆ ಕೇಳು. ತುರ್ತು ವಿಭಾಗದ ಪರೀಕ್ಷೆಗೆ ಇಕ್ಕಳ ಬೇಡ. ನಾಳಿದ್ದು ಇದೆ. ಅರ್ಜಿಗೆ ನಿನ್ನ ಹೆಸರು ಬರೆದಾಗಿದೆ, ಸಹಿ ಮಾತ್ರ ಬಾಕಿ."

"ನನ್ನ ಕೇಳದೆ ಬರೆದುಬಿಟ್ರಾ ಸಾರ್?"

"ಕೇಳಿದ್ರೆ ಬೇಡ ಅಂತಿದ್ದೆ."

ಅವಳು ಸಹಿ ಹಾಕಿದಳು, ಪಾಸೂ ಆದಳು. ಆಸೆಪಟ್ಟಿದ್ದು ಅದಲ್ಲ. ಕೆಲಸದ ಮೊದಲ ತಿಂಗಳುಗಳಲ್ಲಿ ಲಿಫ್ಟಿನ ಬಾಗಿಲು ತೆರೆದು ಥಿಯೇಟರಿನ ಹಸಿರು ಬಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಆಮೇಲಾಮೇಲೆ ಕೆಲಸ ಹೆಚ್ಚಾಗಿ ಅದನ್ನು ಮರೆಯುವ ದಿನಗಳೂ ಬಂದವು.

ಜೈಲಿಗೆ ಅಮ್ಮ ತಿಂಗಳಿಗೊಮ್ಮೆ ಹೋಗುತ್ತಿದ್ದಳು. ಎರಡನೇ ವರ್ಷದಲ್ಲಿ ಒಂದು ಬೆಳಿಗ್ಗೆ, ಹೊರಡುವ ಹೊತ್ತಿಗೆ, ಬಾಗಿಲಲ್ಲಿ ನಿಂತು, "ಬರ್ತೀಯಾ? ಅವನೇ ಕೇಳಿದ" ಎಂದಳು.

ಜಾಲರಿಯ ಆಚೆ ಅಣ್ಣ ತೆಳ್ಳಗಾಗಿದ್ದ. ಎಡಗಣ್ಣಿನ ರೆಪ್ಪೆ ಒಳಗಿಳಿದಿತ್ತು. ಅವನೇ ಮೊದಲು ಕೇಳಿದ, "ಅವನು ನಡೀತಾನಾ?"

"ಕುಂಟ್ತಾ ನಡೀತಾನೆ. ಮತ್ತೆ ಕ್ರೇನ್ ಹತ್ತಿದ್ದಾನಂತೆ."

"ಅವನು ಸತ್ತಿದ್ರೆ ನಾನು ಇಲ್ಲಿಂದ ಹೊರಗೆ ಬರೋ ಮಾತೇ ಇರ್ತಿರಲಿಲ್ಲ ಅಂತ ಇಲ್ಲಿ ಎಲ್ಲರೂ ಹೇಳ್ತಾರೆ. ನಿನ್ನ ತಂಗಿ ಉಳಿಸಿದ್ಲು ಅಂತಾರೆ." ಅವನ ಸ್ವರ ಗಡುಸಾಯಿತು. "ಹೌದು ಅಂತ ನನಗೂ ಗೊತ್ತು. ಆದ್ರೂ ಬೆಳಿಗ್ಗೆ ಮುಖ ತೊಳೆಯುವಾಗ ನಿನ್ನ ಮೇಲೆ ಸಿಟ್ಟು ಬರುತ್ತೆ ಪುಟ್ಟಿ. ಸುಳ್ಳು ಹೇಳಲ್ಲ."

"ನನಗೂ ಬರುತ್ತೆ. ಪಾತ್ರೆ ಕೈಯಿಂದ ಜಾರಿದಾಗೆಲ್ಲ."

ಅವನು ಜಾಲರಿಯ ತೂತಿನಿಂದ ಒಂದು ಬೆರಳು ಹೊರಚಾಚಿ, ಅವಳ ಮಡಚಲಾಗದ ಬೆರಳನ್ನು ಮುಟ್ಟಿ ನೋಡಿದ. ಮುಟ್ಟಿ, ಸುಟ್ಟುಕೊಂಡವನಂತೆ ಹಿಂದೆಳೆದುಕೊಂಡ. ಪಕ್ಕದಲ್ಲಿ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಕಾವಲಿನವನು ಹೊತ್ತಾಯಿತೆಂದು ಕಂಬಿಗೆ ಲಾಠಿ ತಟ್ಟಿದ.

"ಮುಂದಿನ ತಿಂಗಳು ಬರ್ತೀಯಾ?" ಅಣ್ಣ ಕೇಳಿದ.

"ಪಾಳಿ ನೋಡ್ಕೊಂಡು ಹೇಳ್ತೀನಿ" ಎಂದಳು. ಅವತ್ತು ಅವಳದು ಮಧ್ಯಾಹ್ನದ ಪಾಳಿ. ಅಮ್ಮನನ್ನು ಬಸ್ಸು ಹತ್ತಿಸಿ, ಅವಳು ಇನ್ನೊಂದು ಬಸ್ಸು ಹಿಡಿದು ಕೆಲಸಕ್ಕೆ ಹೋದಳು.